ರೈಲ್ವೆ ಗೇಟ್ ಹತ್ತಿರ ನಡುಗುತ್ತಿದ್ದ ನಮ್ಮ ಗಾಡಿ

ದಾವಣಗೆರೆ ಜಿಲ್ಲೆಯಾದ ಮರುವರ್ಷ, 1998ರಲ್ಲಿ, ಅಪ್ಪ ಕೊಂಡ ಮಾರುತಿ 800 ಇನ್ನೂ ನಮ್ಮ ಮನೆಯಲ್ಲಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ ಗಾಡಿ. ಹೋದ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ಬರುವಾಗ ಭರಮಸಾಗರದ ಹತ್ತಿರ ರೇಡಿಯೇಟರ್ ಪೈಪ್ ಒಡೆಯಿತು. ಟೆಂಪರೇಚರ್ ಮುಳ್ಳು ಮೇಲೇರಿದ್ದನ್ನು ನಾನು ನೋಡಿದ್ದೇ ತಡವಾಗಿ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಕೂಡುವಲ್ಲಿ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು.

ಗ್ಯಾರೇಜಿನಲ್ಲಿ ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ (ತಳ ಉಜ್ಜಿ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್, ಹೊಸ ಟೈಮಿಂಗ್ ಬೆಲ್ಟ್ ಹಾಕಿದರು. ಒಂದು ವಾರ ಹಿಡಿಯಿತು. ಗಾಡಿ ತಂದ ದಿನವೇ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ನಿಂತ ತಕ್ಷಣ ಗಾಡಿ ಗಡಗಡ ನಡುಗತೊಡಗಿತು. ಸ್ಟೇರಿಂಗ್ ಹಿಡಿದ ಕೈಯೂ ಅಲುಗುತ್ತಿತ್ತು. ರೈಲು ಬರುವ ಮೊದಲೇ ಎರಡು ಸಲ ಆಫ್ ಆಯಿತು. ಹಿಂದಿನ ಸೀಟಿನಿಂದ ಅಮ್ಮ ಕೇಳಿದರು: "ರಿಪೇರಿ ಆಗಿದೆ ಅಂದ್ಯಲ್ಲೋ?"

ಮಾರನೇ ದಿನ ಹರಿಹರದ ಕಡೆ ಓಡಿಸಿದರೆ ಪುಲ್ಲಿಂಗ್ ಚೆನ್ನಾಗಿಯೇ ಇದೆ! ನಿಂತಾಗ ಮಾತ್ರ ಮಿಸ್ಸಿಂಗ್, ಅಂದರೆ ಎಂಜಿನ್ ತಡವರಿಸುವುದು. ಗ್ಯಾರೇಜಿಗೆ ಮತ್ತೆ ಹೋದೆ. ನಿಂತಾಗಿನ ಎಂಜಿನ್ ವೇಗ ಹೊಂದಿಸುವ ರೇಸ್ ಸ್ಕ್ರೂ ತಿರುಗಿಸಿ ಆ ವೇಗ ಜಾಸ್ತಿ ಮಾಡಿಕೊಟ್ಟರು. "ಹಳೇ ಗಾಡಿ ಸರ್, ಮೂರು ಸಿಲಿಂಡರ್ ಬೇರೆ, ಇಷ್ಟು ಇದ್ದಿದ್ದೇ" ಅಂದರು. ಗಾಡಿ ಆಫ್ ಆಗುವುದು ನಿಂತಿತು, ನಡುಕ ನಿಲ್ಲಲಿಲ್ಲ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಪೈಪ್ ಒಡೆಯುವವರೆಗೂ ಸುಮ್ನೆ ನಿಲ್ಲುತ್ತಿದ್ದ ಗಾಡಿ ಒಂದೇ ವಾರದಲ್ಲಿ ಹೇಗೆ ಮುದಿಯಾಗುತ್ತದೆ?

ನಮ್ಮ ಓಣಿಯಲ್ಲಿ ಲಾರಿ ಗ್ಯಾರೇಜಿನಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಅನ್ನುತ್ತೇವೆ. ಭಾನುವಾರ ಬೆಳಿಗ್ಗೆ ಬಂದರು. ಬಾನೆಟ್ ಎತ್ತುವ ಮೊದಲೇ ಕೇಳಿದರು: "ಮೊನ್ನೆ ಏನೇನು ಬಿಚ್ಚಿದ್ರು, ಅದನ್ನ ಹೇಳಪ್ಪಾ. ಬಿಚ್ಚದೇ ಇರೋದು ತಾನಾಗೇ ಕೆಟ್ಟಿರಲ್ಲ."

ಎಂಜಿನ್ ಸ್ಟಾರ್ಟ್ ಮಾಡಿ, ಹಿಡಿಗೆ ರಬ್ಬರ್ ಇರುವ ಪ್ಲೈಯರಿನಿಂದ ಸಿಲಿಂಡರುಗಳಿಗೆ ಕಿಡಿ ಕೊಡುವ ಪ್ಲಗ್‌ಗಳ ವೈರ್ ಒಂದೊಂದಾಗಿ ಕಿತ್ತು ನೋಡಿದರು. ಒಂದನೇದು ಕಿತ್ತರೆ ಎಂಜಿನ್ ಕುಸಿಯಿತು. ಎರಡನೇದಕ್ಕೂ ಅಷ್ಟೇ. ಮೂರನೇದು ಕಿತ್ತರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಂದರೆ ಮೂರನೇ ಸಿಲಿಂಡರ್ ಐಡ್ಲಿಂಗಿನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಕೆಲಸವನ್ನೇ ಮಾಡುತ್ತಿಲ್ಲ. ಮೂರರಲ್ಲಿ ಒಂದು ಸುಮ್ಮನೆ ಕೂತರೆ ನಡುಗದೇ ಇನ್ನೇನಾಗುತ್ತದೆ? (ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಿ ಹೀಗೆ ವೈರ್ ಕೀಳಬೇಡಿ, ಕಾಯಿಲ್ ಹಾಳಾಗಬಹುದು.)

ಪ್ಲಗ್ ಅದಲುಬದಲು ಮಾಡಿದೆವು. ತೊಂದರೆ ಮೂರರಲ್ಲೇ ಉಳಿಯಿತು. ವೈರುಗಳು ಸಿಲಿಂಡರುಗಳು ಹೊತ್ತಬೇಕಾದ 1-3-2 ಕ್ರಮದಲ್ಲೇ ಇದ್ದವು, ಸ್ಪಾರ್ಕ್ ಬರುತ್ತಿತ್ತು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರೆ ಮೂರೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ. ಆಗ ನನಗೆ ಜೀವ ಬಂದಂತಾಯಿತು. ಹೆಡ್ ಮತ್ತೆ ಇಳಿಸುವ ಕೆಲಸವಿಲ್ಲ!

"ಹಾಗಾದ್ರೆ ಏರ್ ಹಿಡೀತಾ ಇದೆ, ಎಲ್ಲೋ ಸಂದಿಯಿಂದ ಬೇಡದ ಗಾಳಿ ಒಳಗೆ ಹೋಗ್ತಾ ಇದೆ" ಅಂದರು ಕಾಕಾ. ಬಟ್ಟೆ ಇಸ್ತ್ರಿ ಮಾಡುವಾಗ ಅಮ್ಮ ನೀರು ಚಿಮುಕಿಸುವ ಬಾಟಲಿ ತರಿಸಿದರು. ಕೆಲವರು ಪೆಟ್ರೋಲ್ ಹಾಕಿ ನೋಡುತ್ತಾರಂತೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ, ದಯವಿಟ್ಟು ಬೇಡ. ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಮಿಶ್ರಣ ಒಳಗೆ ಒಯ್ಯುವ ಕೊಳವೆ) ಹೆಡ್ಡಿಗೆ ಕೂಡುವ ಅಂಚಿಗೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಹೋದರು. ಮೂರನೇ ಸಿಲಿಂಡರಿನ ಕೆಳಗೆ ನೀರು ಬಿದ್ದ ಕೂಡಲೇ ಎಂಜಿನ್ ಸದ್ದು ಬದಲಾಯಿತು. ಎರಡು ಕ್ಷಣ ನಡುಕ ಕಡಿಮೆಯಾಗಿ ಮತ್ತೆ ಶುರುವಾಯಿತು. ಆ ಸಂದಿಯನ್ನು ನೀರು ಅಷ್ಟು ಹೊತ್ತು ಮುಚ್ಚಿತ್ತು.

ಹೈವೇಯಲ್ಲಿ ಯಾಕೆ ಗೊತ್ತಾಗುತ್ತಿರಲಿಲ್ಲ ಅನ್ನುವುದು ಆಗ ತಿಳಿಯಿತು. ನಿಂತಾಗ ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಬಾಗಿಲು, ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಎಳೆತ ಮಾತ್ರ ಜೋರು. ಸಂದಿಯಿಂದ ನುಗ್ಗುವ ಗಾಳಿ ಆ ಸ್ವಲ್ಪದಲ್ಲಿ ದೊಡ್ಡ ಪಾಲು. ಗಾಳಿಯ ಎದುರು ಪೆಟ್ರೋಲ್ ಕಮ್ಮಿಯಾಗಿ ಆ ಸಿಲಿಂಡರ್ ಹೊತ್ತುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಗಾಳಿ ಬೇಕಾದಷ್ಟು ಬರುತ್ತದೆ, ಸಂದಿಯ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ಬಿಚ್ಚಿದೆವು. ಕೆಳಗಿನ ನಟ್ಟಿಗೆ ಕೈ ಹೋಗುವುದೇ ಕಷ್ಟ. ಅದನ್ನು ಬೆರಳಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದರು. ಮ್ಯಾನಿಫೋಲ್ಡಿನ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದರು, ಅದರ ಅಂಚು ಹರಿದಿತ್ತು. ಇಡೀ ಹೆಡ್ ಕೆಲಸ ಅಷ್ಟು ಚೆನ್ನಾಗಿ ಮಾಡಿದವರು ಒಂದು ನಟ್ಟನ್ನು ಹೀಗೆ ಬಿಟ್ಟರಲ್ಲ ಅಂತ ಬೇಸರವಾಯಿತು. ಅದಕ್ಕಿಂತ ಜಾಸ್ತಿ ಬೇಸರ ಹಳೇ ಗಾಡಿ ಅಂದದ್ದಕ್ಕೆ.

ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ನಡುವಿನಿಂದ ಅಂಚಿಗೆ ಸಮನಾಗಿ ಬಿಗಿದೆವು. ಸ್ಟಾರ್ಟ್ ಮಾಡಿದರೆ ಎಂಜಿನ್ ಒಂದೇ ಸಮ ಜೋರಾಗಿ ಕೂಗಿತು. ಗ್ಯಾರೇಜಿನಲ್ಲಿ ಏರಿಸಿದ್ದ ರೇಸ್ ಹಾಗೇ ಇತ್ತಲ್ಲ! ಕಾಕಾ ಸ್ಕ್ರೂ ಇಳಿಸುತ್ತಾ ಬಂದರು. ಸದ್ದು ಇಳಿಯಿತು, ಇನ್ನೂ ಇಳಿಯಿತು, ಎಲ್ಲೂ ತಡವರಿಸಲಿಲ್ಲ.

ಸಂಜೆ ಮಂಡಕ್ಕಿ ಮಿರ್ಚಿ ತರಲು ಅಮ್ಮನ ಜೊತೆ ಹೋದೆ. ಗೇಟ್ ಹಾಕಿತ್ತು. ಗೇಟಿನಲ್ಲಿ ನಾನು ಸಾಮಾನ್ಯವಾಗಿ ಎಂಜಿನ್ ಆಫ್ ಮಾಡುವವನು. ಅವತ್ತು ರೈಲು ಹೋಗುವವರೆಗೂ ಮಾಡಲಿಲ್ಲ.

"ಆಫ್ ಆಯ್ತೇನೋ?" ಅಂದರು ಅಮ್ಮ.

"ಇಲ್ಲಮ್ಮ, ಓಡ್ತಾ ಇದೆ" ಅಂದೆ.