ಚಳಿಗಾಲದಲ್ಲಿ ಮೈತುಂಬ ಉಡುವುದು, ಮೂಟೆಯಂತೆ ಕಾಣದೆ

ಮೈ ಮುಚ್ಚುವ ಉಡುಪನ್ನೇ ಇಷ್ಟಪಡುವ ನನ್ನಂಥವರಿಗೆ ಚಳಿಗಾಲ ಅನುಕೂಲದ ಕಾಲ. ಉದ್ದ ತೋಳಿಗೂ ಎತ್ತರದ ಕತ್ತುಪಟ್ಟಿಗೂ ಯಾರೂ ಕಾರಣ ಕೇಳುವುದಿಲ್ಲ. ತೊಡಕಿರುವುದು ಬೇರೆಡೆ: ಸಿಕ್ಕಿದ್ದನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ, ಸುತ್ತಿಟ್ಟ ಹಾಸಿಗೆಯಂತೆ ಕಾಣುತ್ತೇವೆ.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ತೂಕವಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದ ಒಂದೇ ದಪ್ಪ ಸ್ವೆಟರ್‌ಗಿಂತ 3 ತೆಳು ಪದರಗಳು ಮೇಲು. ಮೈಕಟ್ಟೂ ಉಬ್ಬಿದಂತೆ ಕಾಣುವುದಿಲ್ಲ. ಒಳಪದರಕ್ಕೆ ಮಾತ್ರ ಹತ್ತಿ ಬೇಡ. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು, ನಡಿಗೆ ನಿಲ್ಲಿಸಿದ ಕೂಡಲೇ ಮೈಯನ್ನು ತಣ್ಣಗಾಗಿಸುತ್ತದೆ. ಮೆರಿನೋ ಎಂಬ ಕುರಿತಳಿಯ ನವಿರಾದ ಉಣ್ಣೆಯಾದರೋ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಒಳಗೆಳೆದುಕೊಂಡರೂ ತೊಟ್ಟವರಿಗೆ ಹಸಿ ಅನ್ನಿಸುವುದಿಲ್ಲ.

ಉದ್ದ ಲಂಗದ ವಿಷಯದಲ್ಲಿ ನಾನು ಪಾಠ ಕಲಿತದ್ದು ಹಿಮ ಕರಗಿದ ರಸ್ತೆಯಲ್ಲಿ. ನೆಲ ಗುಡಿಸುತ್ತಿದ್ದ ಅಂಚು ಕೆಸರುನೀರನ್ನು ಮೊಣಕಾಲಿನವರೆಗೆ ಏರಿಸಿಕೊಂಡು, ಇಡೀ ಸಂಜೆ ಕಾಲಿಗೆ ತಣ್ಣಗೆ ಬಡಿಯುತ್ತಿತ್ತು. ಈಗ ನನ್ನ ಲಂಗಗಳೆಲ್ಲ ಕಣಕಾಲಿನ ಬಳಿ ನಿಲ್ಲುತ್ತವೆ. ಕೆಳಗಿನದನ್ನು ಉಣ್ಣೆಯ ಕಾಲುಚೀಲ, ಬೂಟು ನೋಡಿಕೊಳ್ಳುತ್ತವೆ. ಒಣಹವೆಯಲ್ಲಿ ಪಾಲಿಯೆಸ್ಟರ್ ಲಂಗ ಸ್ಥಾಯೀ ವಿದ್ಯುತ್ತಿನಿಂದ ಕಾಲಿಗೆ ಅಂಟಿಕೊಂಡು, ಮರ್ಯಾದೆಗಾಗಿ ಉಟ್ಟದ್ದೇ ಮುಜುಗರ ತರುತ್ತದೆ. ಅದರೊಳಗೊಂದು ಹತ್ತಿಯ ಒಳಲಂಗವಿದ್ದರೆ ಆ ಕಾಟ ಬಹಳ ಕಡಿಮೆ.

ಕೋಟಿನ ಅಂಚು ಲಂಗವನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ಸಾಕಷ್ಟು ಮೇಲೆಯೇ ನಿಲ್ಲಬೇಕು. 2 ಅಂಗುಲ ಮಾತ್ರ ಇಣುಕಿದರೆ, ನನ್ನ ಕಣ್ಣಿಗೆ ಅದು ಅವಸರದಲ್ಲಿ ಹೊರಟವರ ಉಡುಪು.