ಬಾಡಿಗೆ ಪತ್ರದಲ್ಲಿ ನಾನು ಸಾಕ್ಷಿ

ಮೊನ್ನೆ ಭಾನುವಾರ ಪುಣೆಯ ವಾಕಡ್‌ನ ಹಳೇ ಮನೆಗೆ ಹೋಗಿದ್ದೆ. ನನ್ನ ರೊಟ್ಟಿ ಹಂಚು ಅಲ್ಲೇ ಉಳಿದಿತ್ತು. ಗೇಟಿನಲ್ಲಿ ವಾಚ್‌ಮನ್ ಕಾಕಾ ತಡೆದರು. ನಾಲ್ಕು ವರ್ಷ ನನ್ನನ್ನು 'ವಹಿನಿ' ಅಂತ ಕರೆದವರು. ನಮ್ಮ ಧಾರವಾಡದ ಕಡೆಯೂ ಅತ್ತಿಗೆಗೆ ವೈನಿ ಅಂತಾರೆ. ಅದಕ್ಕೇ ಆ ಮಾತು ಕೇಳಿದಾಗೆಲ್ಲ ಊರಲ್ಲೇ ಇದ್ದ ಹಾಗೆ ಅನಿಸುತ್ತಿತ್ತು. ಅವತ್ತು ಅವರು ಮೊಬೈಲ್ ನೋಡಿ, "ಮ್ಯಾಡಮ್, ನಿಮ್ಮ ಹೆಸರು ತೆಗೆದಿದ್ದಾರೆ, ಫೋನ್ ಮಾಡಿ ಕೇಳಬೇಕು" ಅಂದರು. ನನ್ನ ಮುಖ ನೋಡದೆ ಹೇಳಿದರು. ಅವರದೇನೂ ತಪ್ಪಿಲ್ಲ. ರಿಜಿಸ್ಟರಿನಲ್ಲಿ ಹೆಸರು, ನಂಬರ್ ಬರೆದೆ. 'ಯಾರನ್ನು ನೋಡಬೇಕು' ಅನ್ನುವ ಕಡೆ ಪೆನ್ನು ನಿಂತುಬಿಟ್ಟಿತು. ಬರೀ ಫ್ಲ್ಯಾಟ್ ನಂಬರ್ ಬರೆದು ಒಳಗೆ ಹೋದೆ.

ನಾವು ಮದುವೆಯಾಗಿರಲಿಲ್ಲ. ಇಬ್ಬರೂ ಹಿಂಜವಡಿಯಲ್ಲಿ ಕೆಲಸ, ಬೇರೆ ಬೇರೆ ಕಂಪನಿ. ಅವನು ವಿಜಯಪುರದ ಕಡೆಯವನು. 2021ರಲ್ಲಿ ಒಟ್ಟಿಗೆ ಮನೆ ಹುಡುಕಿದೆವು. 'ಬ್ಯಾಚುಲರ್ಸಾ, ಫ್ಯಾಮಿಲಿಯಾ' ಅನ್ನುವುದೇ ಎಲ್ಲ ಕಡೆ ಮೊದಲ ಪ್ರಶ್ನೆ. ಆರು ಮನೆ ಕೈತಪ್ಪಿದ ಮೇಲೆ ಏಳನೆಯದರಲ್ಲಿ ಫ್ಯಾಮಿಲಿ ಅಂದೆವು. ಅಲ್ಲಿಂದ ಶುರುವಾಗಿದ್ದು ಎಲ್ಲ.

ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಬೇಕು, ನೋಂದಣಿಯೂ ಆಗಬೇಕು. 1999ರ ಬಾಡಿಗೆ ಕಾಯ್ದೆ ಹಾಗೆ ಹೇಳುತ್ತದೆ. ಇಲ್ಲಿ ಅದಕ್ಕೆ ಲೀವ್ ಅಂಡ್ ಲೈಸೆನ್ಸ್ ಅಂತಾರೆ, ಸಾಮಾನ್ಯವಾಗಿ 11 ತಿಂಗಳಿಗೆ. ಏಜೆಂಟ್ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮೆಷಿನ್ ಹಿಡಿದು ಮನೆಗೇ ಬಂದ. ಮಾಲೀಕರು ಒತ್ತಿದರು, ಅವನು ಒತ್ತಿದ. "ಒಬ್ಬರದ್ದೇ ಹೆಸರು ಸಾಕಲ್ವಾ, ಗಂಡ ಹೆಂಡತಿ ತಾನೆ" ಅಂದರು ಮಾಲೀಕರು. ನಾವು ಸುಮ್ಮನಿದ್ದೆವು. ನಾನು ಚಹಾ ತಂದಿಟ್ಟೆ. ಅಷ್ಟರಲ್ಲಿ ಏಜೆಂಟ್, ಸಾಕ್ಷಿಗೆ ಒಬ್ಬರು ಕಡಿಮೆ ಇದ್ದಾರೆ, ನೀವೇ ಒತ್ತಿಬಿಡಿ ಅಂದ. ಕೈ ಒರೆಸಿಕೊಂಡು ಒತ್ತಿದೆ. ಮೆಷಿನ್ ಮೇಲೆ ಬೆರಳಿಟ್ಟಾಗ ಅದು ಕೆಂಪಗೆ ಬೆಳಗಿದ್ದು ಈಗಲೂ ನೆನಪಿದೆ.

ನಾನು ನಾಲ್ಕು ವರ್ಷ ಇದ್ದ ಮನೆಯ ಕಾಗದದಲ್ಲಿ ನನ್ನ ಹೆಸರು ಇತ್ತು. ಸಾಕ್ಷಿ ಅಂತ.

ಅದು ಆಗ ತಿಳಿಯಲಿಲ್ಲ. ಡೆಪಾಸಿಟ್ 1 ಲಕ್ಷ, ಅದರಲ್ಲಿ 50,000 ನನ್ನದು. ಅವನ ಖಾತೆಗೆ ಹಾಕಿದೆ, ಅವನು ಮಾಲೀಕರಿಗೆ ಹಾಕಿದ. ಫ್ರಿಜ್ ನನ್ನ ಕಾರ್ಡಿನ ಇಎಮ್‌ಐ. ಗ್ಯಾಸ್, ಇಂಟರ್ನೆಟ್, ಕರೆಂಟ್ ಬಿಲ್ಲು ಎಲ್ಲ ಅವನ ನಂಬರಿಗೆ. ತರಕಾರಿ, ದಿನಸಿ, ಕೆಲಸದ ಮಾವಶಿಯ ಸಂಬಳ ನನ್ನದು. ಮಾವಶಿಯ ಸಂಬಳಕ್ಕೆ ಯಾರು ರಸೀದಿ ಇಟ್ಟುಕೊಳ್ಳುತ್ತಾರೆ ಹೇಳಿ?

ಯಾಕೆ ಬೇರೆಯಾದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮಿಬ್ಬರದು. ಅವನು ಕೆಟ್ಟವನಲ್ಲ, ನಾನೂ ಅಲ್ಲ.

ಮದುವೆಯಾದವರಿಗೆ ಇಲ್ಲಿ ಶಿವಾಜಿನಗರದಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ಇಬ್ಬರೂ ಒಪ್ಪಿ ಡೈವೋರ್ಸ್ ಕೇಳಿದರೂ, ಸಾಮಾನ್ಯವಾಗಿ 6 ತಿಂಗಳು ಯೋಚನೆ ಮಾಡಿ ಬನ್ನಿ ಅಂತ ಕಾನೂನು ಹೇಳುತ್ತದೆ. ನಮಗೆ ಸಿಕ್ಕಿದ್ದು ಒಂದು ಭಾನುವಾರ. ನೆಲದ ಮೇಲೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಫ್ರಿಜ್ ನಿನಗೆ, ವಾಷಿಂಗ್ ಮೆಷಿನ್ ನನಗೆ. ಕುಕ್ಕರ್ ಎರಡಿದ್ದವು, ಜಗಳ ಇಲ್ಲ. ಡೆಪಾಸಿಟ್ಟಿನ ಹತ್ತಿರ ಬಂದಾಗ ಅವನು, "ನಾನು ಇದೇ ಮನೆಯಲ್ಲಿ ಇರ್ತೀನಿ, ಮಾಲೀಕರು ಈಗ ಕೊಡಲ್ಲ, ನಿಧಾನಕ್ಕೆ ಹಾಕ್ತೀನಿ" ಅಂದ. ಹ್ಞೂಂ ಅಂದೆ. ಬೇರೆ ಏನು ಅನ್ನಬಹುದಿತ್ತು?

ಆಮೇಲೆ ಒಬ್ಬ ವಕೀಲೆಯ ಹತ್ತಿರ ಹೋಗಿ ಕೇಳಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿರುವ ಹಕ್ಕು ಕೇಳಬಹುದು. ಯಾವುದು ಮದುವೆಯಂಥ ಸಂಬಂಧ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ, ಮತ್ತೆ 2013ರಲ್ಲಿ ಹೇಳಿದೆ: ಎಷ್ಟು ಕಾಲ ಜೊತೆಗಿದ್ದರು, ದುಡ್ಡು ಒಟ್ಟಿಗೆ ಹಾಕುತ್ತಿದ್ದರಾ, ನಾಲ್ಕು ಜನರ ಮುಂದೆ ಗಂಡ ಹೆಂಡತಿಯ ಹಾಗೆ ಇದ್ದರಾ, ಇಂಥವನ್ನು ನೋಡುತ್ತಾರೆ. ಅಂದರೆ ವಾಚ್‌ಮನ್ ಕಾಕಾ ಕರೆದ 'ವಹಿನಿ' ಕೂಡ ಒಂದು ಲೆಕ್ಕಕ್ಕೆ ಬರುತ್ತದೆ. ಆದರೆ ನನಗೆ ಯಾರೂ ಹಿಂಸೆ ಕೊಟ್ಟಿಲ್ಲ. ಸಮಾಧಾನದಿಂದ ಬೇರೆಯಾಗುವ ಇಬ್ಬರಿಗೆ ಪಾತ್ರೆ, ಡೆಪಾಸಿಟ್ ಹಂಚಿಕೊಡುವ ಕಾನೂನು ಇಲ್ಲ. ದುಡ್ಡು ಹಾಕಿದ ದಾಖಲೆ ಇಟ್ಟುಕೊಂಡು ಕೇಳಬೇಕು, ಅಷ್ಟೇ.

ನನ್ನ ಟೀಮಿನ ಒಬ್ಬಳ ಕಷ್ಟ ಇನ್ನೂ ಜಾಸ್ತಿ. ಅವರಿಬ್ಬರೂ ಸೇರಿ ಫ್ಲ್ಯಾಟನ್ನೇ ತಗೊಂಡಿದ್ದರು, ಸಾಲವೂ ಜಂಟಿ. ಬ್ಯಾಂಕಿಗೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ, ಅರ್ಧ ಅರ್ಧ ಅನ್ನುವ ಮಾತೇ ಇಲ್ಲ. ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿಗೆ ಮನೆ ದಾನವಾಗಿ ಬರೆದುಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ 200 ರೂಪಾಯಿ. ಇವರು ಒಬ್ಬರ ಪಾಲು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಕಾಗದದ ಪ್ರಕಾರ ಅಪರಿಚಿತರು, ಮಾರಾಟಕ್ಕೆ ಹೇಗೋ ಹಾಗೇ ಕಟ್ಟಬೇಕು.

ಜೊತೆಗಿರಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ನಾಲ್ಕು ವರ್ಷದಲ್ಲಿ ಒಳ್ಳೆಯ ದಿನಗಳೇ ಜಾಸ್ತಿ. ಆದರೆ ತಂಗಿಯರೇ, ಬಾಡಿಗೆ ಪತ್ರದಲ್ಲಿ ನಿಮ್ಮ ಹೆಸರೂ ಹಾಕಿಸಿ, ಬಾಡಿಗೆದಾರಳು ಅಂತ. ಡೆಪಾಸಿಟ್ಟಿನ ನಿಮ್ಮ ಪಾಲನ್ನು ನೇರವಾಗಿ ಮಾಲೀಕರ ಖಾತೆಗೇ ಹಾಕಿ. ಪ್ರೀತಿಯಲ್ಲಿರುವಾಗ ಇದನ್ನು ಕೇಳುವುದು ಮುಜುಗರ ಅನಿಸುತ್ತದೆ. ನಾನೂ ಆ ಮುಜುಗರಕ್ಕೇ ಚಹಾ ಮಾಡಲು ಒಳಗೆ ಹೋಗಿದ್ದು.

ಇದೆಲ್ಲಕ್ಕಿಂತ ದೊಡ್ಡ ಕಷ್ಟ ಊರಿನದು. ಮನೆಯಲ್ಲಿ ನಾನು 'ಗೆಳತಿ ಜೊತೆ' ಇದ್ದೆ. ಬೇರೆಯಾದ ವಾರ ಅವ್ವ ಫೋನಿನಲ್ಲಿ, "ಯಾಕವಾ, ದನಿ ಯಾಕ ಹಿಂಗಾಗೇತಿ?" ಅಂದಳು. ಗೆಳತಿ ಬೇರೆ ಕಡೆ ಹೋದಳು ಅಂದೆ. "ಹೋಗ್ಲಿ ಬಿಡು, ಇನ್ನೊಬ್ಬಾಕಿ ಸಿಗ್ತಾಳ" ಅಂದಳು ಪಾಪ. ಫೋನ್ ಇಟ್ಟು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕೂಡಿದ್ದೇ ಹೇಳಿರದಿದ್ದರೆ ಅಗಲಿದ್ದನ್ನು ಹೇಗೆ ಹೇಳುವುದು? ಗಂಡ ಸತ್ತವಳಿಗೆ, ಬಿಟ್ಟವಳಿಗೆ ಊರಲ್ಲಿ ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ನನ್ನ ಪಕ್ಕ ಕೂರಲು ಬರಬೇಕಾದವರಿಗೆ ಏನಾಗಿದೆ ಅಂತಲೇ ಗೊತ್ತಿಲ್ಲ.

ಈಗ ಕರ್ವೆನಗರದಲ್ಲಿ ಒಂದು ಸಣ್ಣ ರೂಮು. ಹೋದ ವಾರ ವಿಡಿಯೋ ಕಾಲಿನಲ್ಲಿ ಅವ್ವ ಅಡುಗೆ ಕಟ್ಟೆ ನೋಡಿ, "ಹಂಚೆಲ್ಲೈತಿ? ಆಕಿ ಒಯ್ದಳೇನು?" ಅಂದಳು. ಅದು ಅವಳದೇ ಹಂಚು, ನನಗೆ ಅಂತ ಧಾರವಾಡದಿಂದ ಪೇಪರಿನಲ್ಲಿ ಸುತ್ತಿ ಕಳಿಸಿದ್ದು. ಅದಕ್ಕೇ ಅವತ್ತು ವಾಕಡ್‌ಗೆ ಹೋಗಿದ್ದು. ಅವನೇ ಬಾಗಿಲು ತೆಗೆದ. ಹಂಚು ಸಿಂಕಿನ ಕೆಳಗಿತ್ತು, ಅಂಚಿಗೆ ತುಕ್ಕು ಹಿಡಿದಿತ್ತು. ಡೆಪಾಸಿಟ್ಟಿನ 20,000 ಇನ್ನೂ ಬಾಕಿ ಇದೆ ಅಂತ ಹೇಳಿದೆ. ಮುಂದಿನ ತಿಂಗಳು ಅಂದ. ನೀರು ಕೊಟ್ಟ, ಕುಡಿದೆ.

ದೀಪಾವಳಿಗೆ ಅವ್ವ ಇಲ್ಲಿಗೆ ಬರುತ್ತಿದ್ದಾಳೆ. ಹಂಚನ್ನು ತಿಕ್ಕಿ ಎಣ್ಣೆ ಸವರಿ ಇಟ್ಟಿದ್ದೇನೆ. ಅವಳು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಹೇಳಬೇಕು ಅಂದುಕೊಂಡಿದ್ದೇನೆ, ಆಕಿ ಅಲ್ಲವ್ವಾ, ಆಂವ ಅಂತ.