ಫೋಟೋ ಚೆನ್ನಾಗಿದೆ, ಆದ್ರೆ ಇದ್ಯಾವ ಬೆಟ್ಟ?

ಏಷ್ಯಾದ ಊರುಗಳು, ಬೆಟ್ಟಗುಡ್ಡ, ಹಬ್ಬಗಳ ಫೋಟೋ ತೆಗೆದು ಮ್ಯಾಗಜಿನ್‌ಗಳಿಗೆ ಕೊಡೋದು ನನ್ನ ಕೆಲ್ಸ. ಶುರುವಿನಲ್ಲಿ ಲೆನ್ಸು, ಲೈಟು, ಬೆಳಗಿನ ಜಾವ ಏಳೋದು, ಇಷ್ಟೇ ಅಂದ್ಕೊಂಡಿದ್ದೆ. ಕ್ಯಾಪ್ಷನ್ ಬರೆಯೋದೆಲ್ಲ ಆಫೀಸಲ್ಲಿ ಕೂತವ್ರ ತಲೆನೋವು ಅಂತ.

ಇಂಡೋನೇಷ್ಯಾದ ಬ್ರೋಮೋ ನನ್ನ ಆ ಜಂಬ ಇಳಿಸ್ತು. ಪೆನಂಜಾಕನ್ ವ್ಯೂ ಪಾಯಿಂಟಲ್ಲಿ ಕತ್ತಲಿರುವಾಗ್ಲೇ ಟ್ರೈಪಾಡ್ ಊರಿ ಚಳೀಲಿ ನಡುಗ್ತಾ ಕಾದು, ಬೆಳಕು ಹರಿದ ಮೇಲೆ ಕೆಳಗೆಲ್ಲ ಮಂಜು, ಮಧ್ಯದಲ್ಲಿ ಸೀರೆ ನೆರಿಗೆ ಹಿಡಿದಂಗೆ ಗೆರೆಗೆರೆ ಇರೋ ಬೆಟ್ಟ, ಆಹಾ ಅಂತ ತೆಗೆದು "ಬ್ರೋಮೋ ಅಗ್ನಿಪರ್ವತ" ಅಂತ ಬರೆದು ಕಳಿಸ್ಬಿಟ್ಟೆ. ಎಡಿಟರ್ ಫೋನ್ ಮಾಡಿದ್ರು, "ಫೋಟೋ ಚೆನ್ನಾಗಿದೆ ಕಣ್ರೀ, ಆದ್ರೆ ನೀವು ಫೋಕಸ್ ಮಾಡಿರೋದು ಬ್ರೋಮೋನೇ ಅಲ್ವಲ್ಲ?" ಅಲ್ಲ! ನೆರಿಗೆ ಬೆಟ್ಟ ಬಾಟೋಕ್. ಬ್ರೋಮೋ ಅಂದ್ರೆ ಪಕ್ಕದಲ್ಲಿ ಬಾಯಿ ತೆರ್ಕೊಂಡು ಹೊಗೆ ಬಿಡ್ತಾ ಇರೋದು, 2,329 ಮೀಟರ್. ಹಿಂದೆ ದೂರದಲ್ಲಿ ಕಾಣೋದು ಸೆಮೆರು, 3,676 ಮೀಟರ್, ಜಾವಾದಲ್ಲೇ ಅತಿ ಎತ್ತರದ್ದು. ನಾನು ಬಾಟೋಕ್ ನಡುವೆ ಇಟ್ಟು ಪಾಪ ಬ್ರೋಮೋನ ಅರ್ಧ ಕತ್ತರಿಸಿದ್ದೆ.

ಅಲ್ಲೇ ಇನ್ನೊಂದು. ಯಾದ್ನ್ಯ ಕಸಾದ ಅನ್ನೋ ಹಬ್ಬದಲ್ಲಿ ಆ ಕಡೆಯ ತೆಂಗರ್ ಜನ ಬ್ರೋಮೋ ಬಾಯಿಗೆ ತರಕಾರಿ, ಕೋಳಿ, ಮೇಕೆ ಎಲ್ಲಾ ಅರ್ಪಿಸ್ತಾರೆ. ಒಳಗಿನ ಇಳಿಜಾರಲ್ಲಿ ಬಲೆ ಹಿಡ್ಕೊಂಡು ನಿಂತು ಆ ಕಾಣಿಕೆ ಹಿಡಿಯೋವ್ರೂ ಇರ್ತಾರೆ. ನಾನು ಮನಸ್ಸಲ್ಲೇ "ಕಳ್ಳರು" ಅಂತ ಬರ್ಕೊಂಡಿದ್ದೆ. ಗೈಡ್‌ನ ಕೇಳಿದ್ರೆ ಅದು ಎಲ್ಲರ ಕಣ್ಣೆದುರೇ ನಡೆಯೋದು, ಯಾರೂ ತಪ್ಪು ತಿಳಿಯಲ್ಲ ಅಂದ್ರು. ಕೇಳ್ದೇ ಇದ್ದಿದ್ರೆ ಅದೇ ಪದ ಅಚ್ಚಾಗ್ತಿತ್ತು.

ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಥೆ ಬೇರೆ, ಅಲ್ಲಿ ಗಡಿಯಾರ ಕೈಕೊಡ್ತು. ಒಂದೇ ಹುಣ್ಣಿಮೆ ಸಮಯಕ್ಕೆ ಎರಡು ಹಬ್ಬ: ಬಾಳೆದಿಂಡು, ಬಾಳೆಎಲೆಯ ಪುಟ್ಟ ದೋಣಿ ಥರದ್ದನ್ನ ನೀರಿಗೆ ಬಿಟ್ರೆ ಲೋಯ್ ಕ್ರಥೋಂಗ್, ಕಾಗದದ ದೀಪ ಆಕಾಶಕ್ಕೆ ಬಿಟ್ರೆ ಲಾನ್ನಾ, ಅಂದ್ರೆ ಉತ್ತರ ಥಾಯ್ಲೆಂಡ್ ಕಡೆಯ ಯೀ ಪೆಂಗ್. ಎರಡು ಕ್ಯಾಮೆರಾ ಇತ್ತು, ಒಂದರಲ್ಲಿ ಟೈಮ್ ಬದಲಾಯಿಸಿದ್ದೆ, ಇನ್ನೊಂದು ಇಂಡಿಯಾ ಟೈಮಲ್ಲೇ ಇತ್ತು, ಒಂದೂವರೆ ಗಂಟೆ ಹಿಂದೆ. ಕಂಪ್ಯೂಟರಿಗೆ ಹಾಕಿ ಟೈಮ್ ಪ್ರಕಾರ ಸಾರ್ಟ್ ಮಾಡಿದ್ರೆ ನೀರು, ಆಕಾಶ, ನೀರು, ಸಂಜೆ, ರಾತ್ರಿ, ಮತ್ತೆ ಸಂಜೆ, ಪೂರಾ ಚಿತ್ರಾನ್ನ. ಯಾವ ಘಾಟು, ಯಾವ ದೇವಸ್ಥಾನ ಅಂತ ಒಂದಕ್ಕೂ ಖಾತ್ರಿ ಇಲ್ಲ. ಎಡಿಟರ್ ಕ್ಲೋಸಪ್‌ಗಳನ್ನಷ್ಟೇ ಇಟ್ಕೊಂಡು ಮಿಕ್ಕಿದ್ದು ವಾಪಸ್ ಮಾಡಿದ್ರು, ದುಡ್ಡೂ ಅಷ್ಟಕ್ಕೇ. ಫೋಟೋ ತಿದ್ದೋ ಲೈಟ್‌ರೂಮ್ ಸಾಫ್ಟ್‌ವೇರಲ್ಲಿ ಎಲ್ಲಾ ಫೋಟೋಗೂ ಒಟ್ಟಿಗೇ ಟೈಮ್ ಸರಿಪಡಿಸೋ ಆಪ್ಷನ್ ಇದೆ ಅಂತ ಆಮೇಲೆ ಗೊತ್ತಾಯ್ತು ಬಿಡಿ.

ಅವತ್ತಿಂದ ಕೆಲ್ಸ ಶುರು ಮಾಡೋ ಮುಂಚೆ ಮೊಬೈಲ್ ಗಡಿಯಾರದ ಫೋಟೋ ಎರಡೂ ಕ್ಯಾಮೆರಾದಲ್ಲಿ ತೆಗೀತೀನಿ, ಜಾಗ ಬದಲಾದ್ರೆ ಮೊದಲು ಬೋರ್ಡಿನ ಫೋಟೋ. ಹೆಸರುಗಳನ್ನ ಅಲ್ಲಿನವ್ರ ಬಾಯಿಂದಲೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೋತೀನಿ, ನಮ್ಮ ಉಚ್ಚಾರಣೆ ನಂಬೋ ಹಂಗಿಲ್ಲ.

ಭೂತಾನಿನ ಪಾರೋ ತ್ಸೇಚು ಹಬ್ಬದಲ್ಲಿ ಕೊನೇ ದಿನ ಬೆಳಕಾಗೋ ಮುಂಚೆ ಥೋಂಗ್‌ಡ್ರೋಲ್ ಅನ್ನೋ ಕಟ್ಟಡದಷ್ಟು ದೊಡ್ಡ ಬಟ್ಟೆ ಚಿತ್ರಪಟ ಇಳಿಬಿಡ್ತಾರೆ, ಬಿಸಿಲು ತಾಗೋ ಮುಂಚೆ ಸುತ್ತಿಡ್ತಾರೆ. ನಾಲ್ಕು ಫ್ರೇಮ್ ತೆಗೆದು ಕ್ಯಾಮೆರಾ ಇಳಿಸಿ ಪಕ್ಕದಲ್ಲಿದ್ದ ಅಜ್ಜಿಗೆ ಸನ್ನೆ ಮಾಡಿ, ಮಧ್ಯದಲ್ಲಿರೋದು ಬುದ್ಧನಾ ಅಂತ ಕೇಳಿದೆ. ಅಜ್ಜಿ ತಲೆ ಅಲ್ಲಾಡಿಸಿ, ನನ್ನ ಮೊಬೈಲ್ ಬಾಯಿ ಹತ್ರ ಎಳ್ಕೊಂಡು, ನಿಧಾನಕ್ಕೆ ಎರಡು ಸಲ ಹೇಳಿದ್ರು: ಗುರು ರಿನ್‌ಪೋಚೆ.